ಗ್ಲಿಸರಿನ್ ತೊಟ್ಟಿಯಲ್ಲಿ ಈಜು: ಮೂರನೇ ವಾರ

ಅವೆನ್ಯೂ ರೋಡ್ ಕಡೆಯ ಕೆಮಿಕಲ್ ಅಂಗಡಿಯಲ್ಲಿ ಐದು ಲೀಟರ್ ಗ್ಲಿಸರಿನ್ ಕೇಳಿದಾಗ ಅಂಗಡಿಯವರು, "ಸೋಪ್ ಮಾಡ್ತೀರಾ ಸಾರ್?" ಅಂದರು. ಹೂಂ ಅಂದೆ. ರೋಬೋಟ್ ಈಜಿಸೋಕೆ ಅಂದರೆ ಯಾರು ನಂಬ್ತಾರೆ?

ಮೈಕ್ರೋರೋಬೋಟ್, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ರೋಬೋಟ್, ಮಾಡುವಷ್ಟು ಸೌಕರ್ಯ ಮನೆಯಲ್ಲಿಲ್ಲ. ಆದರೆ ಅದಕ್ಕೆ ನೀರು ಹೇಗಿರುತ್ತದೆ ಅಂತ, ದೊಡ್ಡ ರೋಬೋಟನ್ನು ಗ್ಲಿಸರಿನ್‌ನಲ್ಲಿ ಬಿಟ್ಟು ನೋಡಬಹುದು. ಅಷ್ಟು ಚಿಕ್ಕ ಮೈಗೆ ನೀರೇ ಜೇನುತುಪ್ಪ. ಇದನ್ನು ಅಳೆಯುವುದು ರೆನಾಲ್ಡ್ಸ್ ಸಂಖ್ಯೆ: ದ್ರವದ ಅಂಟಿನ ಮುಂದೆ ಜಡತ್ವ ಎಷ್ಟು ಅನ್ನುವ ಲೆಕ್ಕ. ನನ್ನ ರೋಬೋಟಿನ ಬಾಲ 4 ಸೆಂ.ಮೀ., ಅದು ಬೀಸುವ ವೇಗ ಸೆಕೆಂಡಿಗೆ 1 ಸೆಂ.ಮೀ. ನೀರಿನಲ್ಲಾದರೆ ಸಂಖ್ಯೆ 400. ಗ್ಲಿಸರಿನ್ ಸುಮಾರು ಸಾವಿರ ಪಟ್ಟು ಮಂದ, ಹಾಗಾಗಿ ಅಲ್ಲಿ ಸಂಖ್ಯೆ ಬರೀ ಅರ್ಧದ (0.5) ಆಸುಪಾಸು. ಬ್ಯಾಕ್ಟೀರಿಯಾದ್ದು ಇನ್ನೂ ಸಾವಿರಾರು ಪಟ್ಟು ಕಮ್ಮಿ, ಇರಲಿ.

ಮೊದಲ ಈಜು. ಥರ್ಮೋಕೋಲ್ ತುಂಡಿನ ಮೇಲೆ ಸರ್ವೋ ಮೋಟಾರ್, ಕೆಳಗೆ ಗಟ್ಟಿ ಪ್ಲಾಸ್ಟಿಕ್ ಬಾಲ. ಬಕೆಟ್ ನೀರಿನಲ್ಲಿ ಬಿಟ್ಟರೆ ಮರಿಮೀನಿನ ಹಾಗೆ ಓಡಿತು. ಗ್ಲಿಸರಿನ್‌ನಲ್ಲಿ ಬಾಲ ಎಡಕ್ಕೆ ಹೋದಾಗ ಮೈ ಸ್ವಲ್ಪ ಜರುಗುತ್ತದೆ, ಬಲಕ್ಕೆ ಬಂದಾಗ ಅಷ್ಟೇ ವಾಪಸ್. ಕೋಡ್ ಬದಲಿಸಿ ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ನಿಧಾನಕ್ಕೆ ಬೀಸಿಸಿದೆ. ಊಹೂಂ, ಇದ್ದಲ್ಲೇ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಹೇಳಿದ್ದು ಇದನ್ನೇ. ಬರೀ ತೆರೆದು ಮುಚ್ಚುವ ಕಪ್ಪೆಚಿಪ್ಪು ಇಂಥ ಕಡೆ ಮುಂದೆ ಹೋಗಲಾರದು, ವೇಗ ಎಷ್ಟು ಬದಲಿಸಿದರೂ ಅಷ್ಟೇ. ಓದುವಾಗ ತಲೆಯಾಡಿಸಿದ್ದೆ. ಕಣ್ಣಾರೆ ಕಂಡಾಗ ಯಾಕೋ ಕೋಪ ಬಂತು.

ಎಡವಟ್ಟು. ಎಂಟು ದಿನ ಊರಿಗೆ ಹೋಗಿದ್ದೆ. ಬಂದು ಸ್ವಿಚ್ ಹಾಕಿದರೆ ಅದೇ ಗಟ್ಟಿ ಬಾಲ ಮೆಲ್ಲಗೆ ಮುಂದೆ ತೆವಳುತ್ತಿದೆ! ಪರ್ಸೆಲ್ ತಪ್ಪಾ ಅಂತ ಅರ್ಧ ಗಂಟೆ ಖುಷಿಪಟ್ಟೆ. ಆಮೇಲೆ 3 ಮಿ.ಮೀ. ಸೈಕಲ್ ಬಾಲ್ಸ್ ಒಂದನ್ನು ತೊಟ್ಟಿಗೆ ಹಾಕಿ ಟೈಮ್ ನೋಡಿದೆ. ಮೊದಲ ದಿನ ತಳ ಮುಟ್ಟಲು ಐದು ಸೆಕೆಂಡ್ ಹಿಡಿದಿತ್ತು, ಈಗ ಎರಡೂವರೆ. ಮುಚ್ಚಳ ಹಾಕದೆ ಹೋಗಿದ್ದೆ. ಬೆಂಗಳೂರಿನ ಜುಲೈ ಗಾಳಿಯ ತೇವವನ್ನೆಲ್ಲ ಗ್ಲಿಸರಿನ್ ಕುಡಿದುಬಿಟ್ಟಿದೆ. ನೂರಕ್ಕೆ ಹತ್ತು ಪಾಲು ನೀರು ಸೇರಿದರೆ ಅದರ ಮಂದ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನನ್ನದರಲ್ಲಿ ಅಷ್ಟು ಸೇರಿಲ್ಲ, ಆದರೂ ಮಂದ ಅರ್ಧಕ್ಕಿಳಿದಿದೆ; ಬಾಲ ತೆವಳಿದ್ದು ಅದಕ್ಕೇ. ಹೊಸ ಕ್ಯಾನ್ ತರಬೇಕಾಯಿತು. ಈ ಸಲ ಅಂಗಡಿಯವರು, "ಸೋಪ್ ಚೆನ್ನಾಗಿ ಬಂತಾ?" ಅಂದರು.

ಮೆತ್ತನೆ ಬಾಲ. ಹಳೆಯ ಸಿಲಿಕೋನ್ ಈಜುಟೋಪಿ ಕತ್ತರಿಸಿ 5 ಸೆಂ.ಮೀ. ಪಟ್ಟಿ ಮಾಡಿದೆ. ಈಗ ಬುಡ ತಿರುಗಿದ ಮೇಲೆ ತುದಿ ತಡವಾಗಿ ಬರುತ್ತದೆ. ಹೋಗುವಾಗಿನ ಬಾಗು ಒಂದು ಥರ, ಬರುವಾಗಿನದು ಇನ್ನೊಂದು ಥರ. ಅಷ್ಟು ಸಾಕು, ನಿಮಿಷಕ್ಕೆ 4 ಸೆಂ.ಮೀ. ಹೋಯಿತು! ಸಾಫ್ಟ್ ರೋಬೋಟ್‌ಗಳಲ್ಲಿ ಮೆತ್ತಗಿರುವುದು ಸುಮ್ನೆ ಪೆಟ್ಟಾಗದಿರಲಿ ಅಂತ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಈಜಿಸುತ್ತಿರುವುದೇ ಆ ಮೆತ್ತನೆತನ. ಆದರೆ ಎರಡು ಪದರ ಅಂಟಿಸಿದರೆ ಗಟ್ಟಿಯಾಗಿ ಮತ್ತೆ ನಿಂತೇಬಿಟ್ಟಿತು. ತೀರಾ ತೆಳುವಾದರೆ ತುದಿಗೆ ಚಲನೆಯೇ ಮುಟ್ಟುವುದಿಲ್ಲ.

ಇನ್ನೊಂದು ದಾರಿ ಸ್ಕ್ರೂ. ಈಗ ಐಐಎಸ್‌ಸಿಯಲ್ಲಿರುವ ವಿಜ್ಞಾನಿ ಅಂಬರೀಶ್ ಘೋಷ್ 2009ರಲ್ಲಿ ಪೀರ್ ಫಿಷರ್ ಜೊತೆ ತೋರಿಸಿದ್ದು ಅಂಥದ್ದೇ: ಬ್ಯಾಕ್ಟೀರಿಯಾ ಗಾತ್ರದ ಗಾಜಿನ ಸುರುಳಿ, ಮೇಲೆ ಕೋಬಾಲ್ಟ್ ಲೇಪ. ಹೊರಗೆ ಕಾಂತಕ್ಷೇತ್ರ ತಿರುಗಿದರೆ ಅದೂ ತಿರುಗಿ ಮುಂದೆ ಹೋಗುತ್ತದೆ. ನಿನ್ನೆ ರೀಫಿಲ್ ಮೇಲೆ ತಾಮ್ರದ ತಂತಿ ಸುತ್ತಿ ಒಂದು ಸುರುಳಿ ಮಾಡಿದೆ. ಕಾಂತಕ್ಕೆ ಎಸ್.ಪಿ. ರೋಡಿಗೆ ಶನಿವಾರ ಹೋಗಬೇಕು. ತೊಟ್ಟಿಗೆ ಮುಚ್ಚಳ ಹಾಕಿ, ಮೇಲೆ ಕುಕ್ಕರ್ ಇಟ್ಟಿದ್ದೇನೆ.