ಟೋಕಿಯೊ ಗ್ರ್ಯಾಂಡ್ ಸ್ಲ್ಯಾಮ್ ಜೂಡೊ: ಹೋಗುವುದಾದರೆ ಬೆಳಿಗ್ಗೆಯೇ ಹೋಗಿ

ಪ್ರತಿ ವರ್ಷ ಡಿಸೆಂಬರ್ ಶುರುವಿನ ಒಂದು ಶನಿವಾರ, ಭಾನುವಾರ ಟೋಕಿಯೊದಲ್ಲಿ ಜೂಡೊ ಗ್ರ್ಯಾಂಡ್ ಸ್ಲ್ಯಾಮ್ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ಬೆಂಗಳೂರಿನ ನಮ್ಮ ಕ್ಲಬ್ಬಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು ಸೇರಿ ಅದನ್ನು ನೋಡಿಕೊಂಡು ಬಂದೆವು. ಏರ್ಪಾಡಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ಈಗ ಬೇರೆ ಕ್ಲಬ್ಬಿನವರು ಫೋನ್ ಮಾಡಿ ಕೇಳುತ್ತಿದ್ದಾರೆ: ಎಲ್ಲಿ ಇಳಿದುಕೊಳ್ಳೋದು, ಟಿಕೆಟ್ ಹೇಗೆ, ಸಸ್ಯಾಹಾರಿಗಳಿಗೆ ಊಟಕ್ಕೇನು? ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಫೈನಲ್ ಇರೋದು ಸಂಜೆ ತಾನೇ ಅಂದುಕೊಂಡು ಬೆಳಿಗ್ಗೆ ಊರು ಸುತ್ತಲು ಹೊರಡಬೇಡಿ. ಜೂಡೊ ಕಲಿಯುವ ಮಕ್ಕಳಿಗೆ ಬೇಕಾದದ್ದೆಲ್ಲ ಇರುವುದು ಬೆಳಗಿನ ಸುತ್ತುಗಳಲ್ಲಿ.

ಗಂಡಸರಿಗೆ 7, ಹೆಂಗಸರಿಗೆ 7, ಒಟ್ಟು 14 ತೂಕದ ವಿಭಾಗಗಳು ಎರಡೇ ದಿನದಲ್ಲಿ ಮುಗಿಯಬೇಕು. ಹಾಗಾಗಿ ಬೆಳಿಗ್ಗೆ ಹಲವು ಅಂಕಣಗಳಲ್ಲಿ ಒಟ್ಟೊಟ್ಟಿಗೇ ಪಂದ್ಯ ನಡೆಯುತ್ತದೆ. ಬೇರೆ ದೇಶದವರು ಒಂದು ವಿಭಾಗಕ್ಕೆ ಇಬ್ಬರನ್ನು ಇಳಿಸಬಹುದು, ಆತಿಥೇಯ ದೇಶಕ್ಕೆ ನಾಲ್ವರು. ಜಪಾನಿನಲ್ಲಿ ಇದರ ಅರ್ಥ ಏನು ಅಂತ ಯೋಚಿಸಿ. ಅಲ್ಲಿ ನಾಲ್ಕನೆಯವನಾಗಿ ಬಂದ ಹುಡುಗನೂ ಯಾರನ್ನು ಬೇಕಾದರೂ ಎತ್ತಿ ಹಾಕಬಲ್ಲ. ಹೆಸರೇ ಕೇಳಿರದ ಕಾಲೇಜು ಹುಡುಗನ ಎದುರು ದೊಡ್ಡ ದೊಡ್ಡ ಪದಕ ಗೆದ್ದವರು ಬೆವರುವುದನ್ನು ನೋಡಬೇಕಾದರೆ ಬೆಳಿಗ್ಗೆಯೇ ಸೀಟಿನಲ್ಲಿ ಇರಬೇಕು. ಕ್ವಾರ್ಟರ್ ಫೈನಲ್‌ಗಿಂತ ಮೊದಲು ಸೋತವರಿಗೆ ಎರಡನೇ ಅವಕಾಶ ಇಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಸೋತವರಿಗೆ ಮಾತ್ರ ರೆಪೆಶಾಜ್ ಅನ್ನುವ ಮರುಅವಕಾಶದ ಪಂದ್ಯದ ಮೂಲಕ ಕಂಚಿನ ದಾರಿ ತೆರೆದಿರುತ್ತದೆ. ಅಷ್ಟು ದೂರದಿಂದ ವಿಮಾನ ಹತ್ತಿ ಬಂದು, ನಾಲ್ಕು ನಿಮಿಷದ ಒಂದೇ ಪಂದ್ಯ ಆಡಿ ವಾಪಸ್ ಹೋಗುವವರೇ ಜಾಸ್ತಿ. ಅವರು ಆ ನಾಲ್ಕು ನಿಮಿಷ ಹೇಗೆ ಆಡುತ್ತಾರೆ ಅನ್ನೋದನ್ನು ನಮ್ಮ ಮಕ್ಕಳು ನೋಡಬೇಕು.

ಒಂದು ಪಂದ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಗಿ, ಅಂದರೆ ಜೂಡೊ ಉಡುಪು, ತೊಟ್ಟ ಹುಡುಗಿ ಎದುರಾಳಿಯ ಬಲ ತೋಳಿನ ಅಂಚನ್ನು ಹಿಡಿದವಳು ಬಿಡಲೇ ಇಲ್ಲ. ಬಿಳಿ ಗಿಯವಳು ಕೊಸರುತ್ತಾಳೆ, ಇವಳು ಮತ್ತೆ ಅಲ್ಲಿಗೇ ಕೈ ಹಾಕುತ್ತಾಳೆ. ನಾಲ್ಕು ನಿಮಿಷ ಮುಗಿಯಿತು, ಅಂಕ ಇಲ್ಲ. ಗೋಲ್ಡನ್ ಸ್ಕೋರ್ ಅನ್ನುವ ಹೆಚ್ಚುವರಿ ಆಟ ಶುರುವಾಯಿತು, ಅದಕ್ಕೆ ಸಮಯದ ಮಿತಿ ಇಲ್ಲ. ಅಲ್ಲಿ ಒಂದು ಸಲ ಬಿಳಿ ಗಿಯವಳ ತೋಳು ಸ್ವಲ್ಪ ಸಡಿಲವಾಯಿತು. ನೀಲಿಯವಳು ಅದೇ ತೋಳನ್ನು ಮೇಲಕ್ಕೆತ್ತಿ, ಒಳಗೆ ತಿರುಗಿ, ಸೊದೆ ತ್ಸುರಿಕೊಮಿ ಗೋಶಿ ಅನ್ನುವ ಪಟ್ಟಿನಲ್ಲಿ ಎತ್ತಿ ಹಾಕಿದಳು. ಇಪ್ಪೊನ್, ಅಂದರೆ ಪಂದ್ಯವನ್ನೇ ಮುಗಿಸುವ ಪೂರ್ಣ ಅಂಕ! ನನ್ನ ಪಕ್ಕ ಕೂತಿದ್ದ ನಮ್ಮ ಹುಡುಗಿ, "ಆಂಟಿ, ಅವಳು ಮೊದಲಿಂದಲೂ ಇದಕ್ಕೇ ಕಾಯ್ತಾ ಇದ್ದಳು" ಅಂದಳು. ಕ್ಲಾಸಿನಲ್ಲಿ ಹಿಡಿತದ ಬಗ್ಗೆ ಎಷ್ಟು ಸಲ ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. ಟಿವಿಯಲ್ಲಿ ಇಪ್ಪೊನ್ ಮಾತ್ರ ತೋರಿಸುತ್ತಾರೆ, ಅದರ ಹಿಂದಿನ ನಾಲ್ಕು ನಿಮಿಷ ತೋರಿಸಲ್ಲ.

ಇನ್ನು ಏರ್ಪಾಡಿನ ಮಾತು. ಪಂದ್ಯಗಳು ನಡೆಯುವುದು ಟೋಕಿಯೊ ಮೆಟ್ರೊಪಾಲಿಟನ್ ಜಿಮ್ನೇಸಿಯಂನಲ್ಲಿ. ಸೆಂದಾಗಾಯಾ ಸ್ಟೇಷನ್‌ನಿಂದ ಹೊರಗೆ ಬಂದರೆ ರಸ್ತೆಯ ಆಚೆಗೇ ಅದು. ಒಲಿಂಪಿಕ್ಸ್ ನಡೆದ ನ್ಯಾಷನಲ್ ಸ್ಟೇಡಿಯಂ ಕೂಡ ಪಕ್ಕದಲ್ಲೇ ಇದೆ. ಸೆಂದಾಗಾಯಾಗೆ ಹಳದಿ ಪಟ್ಟಿಯ ಚುವೊ-ಸೊಬು ಲೋಕಲ್ ರೈಲನ್ನೇ ಹತ್ತಬೇಕು. ಕಿತ್ತಳೆ ಪಟ್ಟಿಯ ಚುವೊ ರ‍್ಯಾಪಿಡ್ ಅಲ್ಲಿ ನಿಲ್ಲುವುದಿಲ್ಲ. ಶಿಂಜುಕುವಿನಿಂದ ಹಳದಿ ರೈಲಿನಲ್ಲಿ ಎರಡನೇ ಸ್ಟಾಪ್.

ಎಲ್ಲರೂ ಶಿಂಜುಕುವಿನಲ್ಲಿ ರೂಮು ಹುಡುಕುತ್ತಾರೆ. ನನ್ನ ಸಲಹೆ ಬೇರೆ. ಸುಯಿದೊಬಾಶಿ ಸುತ್ತಮುತ್ತ ಇಳಿದುಕೊಳ್ಳಿ. ಅಲ್ಲಿಂದ ಅದೇ ಹಳದಿ ರೈಲಿನಲ್ಲಿ ಎಲ್ಲೂ ಬದಲಾಯಿಸದೆ ಸೆಂದಾಗಾಯಾಗೆ ಹೋಗಬಹುದು. ಜೂಡೊದ ತವರಾದ ಕೊಡೊಕಾನ್‌ಗೆ ನಡೆದೇ ಹೋಗಬಹುದು. ಶಿಂಜುಕು ಸ್ಟೇಷನ್‌ನ ಜನಜಂಗುಳಿಯಲ್ಲಿ ಮಕ್ಕಳನ್ನು ಎಣಿಸಿಕೊಂಡು ಓಡಾಡುವ ಕಷ್ಟವೂ ತಪ್ಪುತ್ತದೆ. ರೂಮುಗಳು ತೀರಾ ಚಿಕ್ಕವು. ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗ ಇರಲ್ಲ. ಒಬ್ಬೊಬ್ಬರಿಗೆ ಒಂದು ಸಣ್ಣ ಬ್ಯಾಗು ಸಾಕು.

ಬೆಂಗಳೂರಿನಿಂದ ನರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಗುಂಪಿನಲ್ಲಿ ಹೋಗುವವರು ಎರಡು ಮೂರು ಸಾವಿರ ಉಳಿಸಲು ಹೋಗಿ, ಮಧ್ಯರಾತ್ರಿ ಇನ್ನೆಲ್ಲೋ ಇಳಿದು ವಿಮಾನ ಬದಲಾಯಿಸುವ ಟಿಕೆಟ್ ಕೊಳ್ಳಬೇಡಿ. ವೀಸಾಕ್ಕೆ ದಿನದಿನದ ವೇಳಾಪಟ್ಟಿ ಬರೆದು ಕೊಡಬೇಕು, ಅದನ್ನು ಮೊದಲೇ ಅಚ್ಚುಕಟ್ಟಾಗಿ ಮಾಡಿಟ್ಟುಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ಬರದ ಮಕ್ಕಳಿದ್ದರೆ ಅವರ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಪಂದ್ಯದ ಟಿಕೆಟ್ ಮಾರುವುದು ಹೆಚ್ಚಾಗಿ ಜಪಾನಿ ಭಾಷೆಯ ತಾಣಗಳಲ್ಲಿ. ಅಲ್ಲಿರುವ ಪರಿಚಯದವರು ಯಾರಾದರೂ ತೆಗೆದುಕೊಟ್ಟರೆ ಕೆಲಸ ಸಲೀಸು. ನಿಶಿಕಸಾಯ್ ಕಡೆ ಭಾರತದವರು ಬಹಳ ಜನ ಇದ್ದಾರೆ. ನಮ್ಮವರು ಯಾರಾದರೂ ಅಲ್ಲಿದ್ದಾರಾ ಅಂತ ನೆಂಟರು, ಆಫೀಸಿನವರನ್ನು ವಿಚಾರಿಸಿ, ಸಿಕ್ಕೇ ಸಿಗುತ್ತಾರೆ.

ಸೀಟು ಹಿಡಿಯುವ ಮುಂಚೆ ಒಂದು ಕೆಲಸ ಮಾಡಿ. ಡ್ರಾ ಹಿಂದಿನ ದಿನವೇ ಆಗುತ್ತದೆ, ಅಂತರರಾಷ್ಟ್ರೀಯ ಜೂಡೊ ಫೆಡರೇಷನ್ ಅಂದರೆ ಐಜೆಎಫ್‌ನ ತಾಣದಲ್ಲಿ ನೋಡಬಹುದು. ನಿಮ್ಮ ಮಕ್ಕಳ ತೂಕದ ವಿಭಾಗ ಯಾವ ಅಂಕಣದಲ್ಲಿದೆ ಅಂತ ನೋಡಿ, ಆ ಕಡೆಯೇ ಕೂತುಕೊಳ್ಳಿ. ನಾಲ್ಕೂ ಕಡೆ ಕತ್ತು ತಿರುಗಿಸುತ್ತಾ ಕೂತರೆ ಯಾವುದನ್ನೂ ಸರಿಯಾಗಿ ನೋಡಿದ ಹಾಗಾಗಲ್ಲ. ಒಬ್ಬೊಬ್ಬ ಮಗುವಿಗೂ ಒಬ್ಬೊಬ್ಬ ಆಟಗಾರರನ್ನು ಆರಿಸಿಕೊಳ್ಳಲು ಹೇಳಿದ್ದೆ. ಅವರು ಸೋಲುವವರೆಗೂ ಅವರನ್ನೇ ನೋಡಬೇಕು, ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಇದು ತುಂಬಾ ಚೆನ್ನಾಗಿ ನಡೆಯಿತು. ಸಂಜೆ ರೂಮಿಗೆ ಬಂದ ಮೇಲೂ ಅದೇ ಮಾತು.

ನಮ್ಮಲ್ಲಿ ಟೂರ್ನಿ ನಡೆಸುವವರು ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಅಲ್ಲಿ ಆಟದಷ್ಟೇ ಆಟ ನಡೆಸುವ ರೀತಿಯನ್ನೂ ನೋಡಬೇಕು. ತೂಕ ನೋಡುವುದು ಹಿಂದಿನ ಸಂಜೆ. ಪಂದ್ಯದ ಬೆಳಿಗ್ಗೆ ಕೆಲವರನ್ನು ಆರಿಸಿ ಮತ್ತೆ ತೂಕಕ್ಕೆ ನಿಲ್ಲಿಸುತ್ತಾರೆ. ವಿಭಾಗದ ಮಿತಿಗಿಂತ ಶೇಕಡಾ 5ಕ್ಕೂ ಹೆಚ್ಚಿರಬಾರದು. 60 ಕೆಜಿಯವರು 63 ದಾಟಿದರೆ ಅವತ್ತು ಆಡುವಂತಿಲ್ಲ. ಅಂಕಣಕ್ಕೆ ಬರುವ ಮೊದಲು ಗಿ ತಪಾಸಣೆ ಇರುತ್ತದೆ. ತೋಳಿನ ಉದ್ದ, ಅಗಲ, ಬೆನ್ನ ಮೇಲಿನ ಹೆಸರು ಮತ್ತು ದೇಶದ ಪಟ್ಟಿ, ಎಲ್ಲವನ್ನೂ ನೋಡುತ್ತಾರೆ. ಹೀಗಾಗಿ ಅಂಕಣದ ಪಕ್ಕ ನಿಂತು ಜಗಳ ಆಡುವ ಪ್ರಸಂಗವೇ ಬರುವುದಿಲ್ಲ. ಒಂದು ಪಂದ್ಯ ಮುಗಿಯುವಾಗ ಮುಂದಿನ ಜೋಡಿ ಆಗಲೇ ಸಿದ್ಧವಾಗಿ ನಿಂತಿರುತ್ತದೆ. ಮೈಕಿನಲ್ಲಿ ಹೆಸರು ಕೂಗಿ ಕೂಗಿ ಹುಡುಕುವುದು ಇಲ್ಲವೇ ಇಲ್ಲ.

ಕೋಚ್‌ಗಳನ್ನೂ ಗಮನಿಸಿ. ರೆಫರಿ 'ಮತೆ' (ಜಪಾನಿಯಲ್ಲಿ 'ನಿಲ್ಲಿ') ಅಂದು ಆಟ ನಿಲ್ಲಿಸಿದಾಗ ಮಾತ್ರ ಅವರು ಮಾತಾಡಬಹುದು. ಆಟ ನಡೆಯುವಾಗ ಬಾಯಿ ಬಿಡುವಂತಿಲ್ಲ. ಬೆಳಿಗ್ಗೆ ಟ್ರ್ಯಾಕ್ ಸೂಟಿನಲ್ಲಿ ಕೂತಿದ್ದವರೇ ಸಂಜೆ ಫೈನಲ್ ಬ್ಲಾಕ್‌ಗೆ ಕೋಟು ಹಾಕಿಕೊಂಡು ಬರುತ್ತಾರೆ, ಅದೂ ನಿಯಮವೇ. ನಮ್ಮ ಜಿಲ್ಲಾ ಟೂರ್ನಿಗಳಲ್ಲಿ ಅಪ್ಪಂದಿರು, ಕೋಚ್‌ಗಳು ಒಟ್ಟಿಗೇ ಕೂಗಾಡಿ ಆ ಮಗುವಿಗೆ ದಿಕ್ಕೇ ತೋಚದ ಹಾಗೆ ಮಾಡುತ್ತೇವೆ, ಅಲ್ವಾ? ಅಲ್ಲಿನ ಶಿಸ್ತು ನೋಡಿದ ಮೇಲೆ ನಮ್ಮ ಜೊತೆ ಬಂದಿದ್ದ ಅಪ್ಪಂದಿರೇ ಇದನ್ನು ಬಾಯಿಬಿಟ್ಟು ಹೇಳಿದರು. ಈ ನಿಯಮ ತರಲು ದುಡ್ಡು ಬೇಡ. ನಾಳೆಯಿಂದಲೇ ನಮ್ಮಲ್ಲೂ ತರಬಹುದು.

ನಮ್ಮ ಮಕ್ಕಳು ಅಲ್ಲಿ ಆಡೋದು ಯಾವಾಗ ಅಂತ ಕೇಳುವವರಿಗೆ ಒಂದು ವಿಷಯ ಸ್ಪಷ್ಟವಾಗಿರಲಿ. ಗ್ರ್ಯಾಂಡ್ ಸ್ಲ್ಯಾಮ್‌ಗೆ ಹೆಸರು ಕೊಡುವುದು ದೇಶದ ಫೆಡರೇಷನ್ ಮಾತ್ರ. ಕ್ಲಬ್ಬಾಗಲಿ, ಏಜೆಂಟರಾಗಲಿ ಕಳಿಸಲು ಆಗಲ್ಲ. ದುಡ್ಡು ಕಟ್ಟಿದರೆ ಅಂತರರಾಷ್ಟ್ರೀಯ ಟೂರ್ನಿ ಆಡಿಸುತ್ತೇವೆ ಅಂತ ಯಾರಾದರೂ ಬಂದರೆ, ಆ ಟೂರ್ನಿ ಐಜೆಎಫ್ ಅಥವಾ ಏಷ್ಯಾ ಜೂಡೊ ಒಕ್ಕೂಟದ ಕ್ಯಾಲೆಂಡರಿನಲ್ಲಿ ಇದೆಯಾ ಅಂತ ಮೊದಲು ನೋಡಿ. ನಿಜವಾದ ದಾರಿ ಇದೆ, ಉದ್ದ ಅಷ್ಟೇ. ಮಣಿಪುರದ ಲಿಂಥೋಯಿ ಚನಂಬಮ್ 2022ರಲ್ಲಿ ಸರಾಯೆವೊದಲ್ಲಿ ಕೆಡೆಟ್ (18 ವರ್ಷದೊಳಗಿನವರ) ವಿಶ್ವ ಚಾಂಪಿಯನ್ ಆದಳು, 57 ಕೆಜಿ ವಿಭಾಗದಲ್ಲಿ. ಜೂಡೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಯಾವುದೇ ವಯಸ್ಸಿನ ಗುಂಪಿನಲ್ಲಿ ಬಂದ ಮೊದಲ ಪದಕ ಅದು. ಅವಳು ಅದಕ್ಕೆ ಸಿದ್ಧವಾದದ್ದು ನಮ್ಮ ಬಳ್ಳಾರಿ ಸೀಮೆಯಲ್ಲೇ, ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಇದನ್ನು ಹೇಳಿದಾಗ ನಮ್ಮ ಮಕ್ಕಳ ಮುಖ ಅರಳಿದ್ದನ್ನು ನೋಡಬೇಕಿತ್ತು.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಸ್ಯಾಹಾರಿಗಳಿಗೆ ಕಷ್ಟ ಇದೆ, ಯಾಕೆಂದರೆ ತರಕಾರಿ ಸಾರಿಗೂ ದಾಶಿ ಅನ್ನುವ ಮೀನಿನ ರಸ ಹಾಕಿರುತ್ತಾರೆ. ಟೋಕಿಯೊ ಸ್ಟೇಷನ್ ಒಳಗಿನ ಟೀಸ್ ತಾನ್‌ತಾನ್‌ನಲ್ಲಿ ಪೂರ್ತಿ ಸಸ್ಯಾಹಾರದ ರಾಮೆನ್ ನೂಡಲ್ಸ್ ಸಿಗುತ್ತದೆ, ಮಕ್ಕಳು ಇಷ್ಟಪಟ್ಟು ತಿಂದರು. ಪಂದ್ಯದ ದಿನ ಬೆಳಿಗ್ಗೆ ಕನ್ವೀನಿಯನ್ಸ್ ಸ್ಟೋರಿನಲ್ಲಿ ಬಾಳೆಹಣ್ಣು, ಉಮೆ ಇಟ್ಟ ಅನ್ನದ ಒನಿಗಿರಿ ಕೊಂಡುಕೊಳ್ಳಿ. ಉಮೆ ಅಂದರೆ ನಮ್ಮ ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ಇದ್ದ ಹಾಗೆ, ಹುಳಿ ಉಪ್ಪು. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ತೆಗೆದುಕೊಂಡು ಹೋಗಿದ್ದೆವು, ಖಾಲಿಯೇ ಆಯಿತು. ಚಳಿಗೆ ಒಂದು ದಪ್ಪ ಜಾಕೆಟ್ ಸಾಕು. ಕತ್ತಲೆ ಮಾತ್ರ ಬೇಗ, ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಗಿನ ಸುತ್ತುಗಳಿಗೂ ಫೈನಲ್‌ಗೂ ನಡುವೆ ಬಿಡುವು ಸಿಕ್ಕರೆ ಮೇಜಿ ಜಿಂಗು ಗಾಯೆನ್‌ನ ಗಿಂಕ್ಗೊ ಮರಗಳ ಸಾಲಿಗೆ ನಡೆದು ಹೋಗಿ. ಆ ಹೊತ್ತಿಗೆ ಎಲೆಗಳು ಹಳದಿಯಾಗಿರುತ್ತವೆ.

ಭಾನುವಾರ ರಾತ್ರಿಯೇ ವಾಪಸ್ ಹೊರಡಬೇಡಿ. ಸೋಮವಾರ ಕೊಡೊಕಾನ್‌ಗೆ ಇಡಿ. ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಎಯಿಶೋಜಿ ಅನ್ನುವ ದೇವಸ್ಥಾನದಲ್ಲಿ 12 ತತಾಮಿ ಚಾಪೆಯ ಜಾಗದಲ್ಲಿ ಶುರು ಮಾಡಿದ ಶಾಲೆ ಅದು. ಈಗ ಎಂಟು ಮಹಡಿಯ ಕಟ್ಟಡ. ಏಳನೇ ಮಹಡಿಯ ದೊಡ್ಡ ದೋಜೊದಲ್ಲಿ, ಅಂದರೆ ಅಭ್ಯಾಸದ ಹಾಲ್‌ನಲ್ಲಿ, 420 ಚಾಪೆಗಳಿವೆ, ಎಂಟನೇ ಮಹಡಿಯಿಂದ ಅಭ್ಯಾಸ ನೋಡಬಹುದು. ನೋಡಲು ದುಡ್ಡು ಇಲ್ಲ. ಅಭ್ಯಾಸ ಜೋರಾಗಿರುವುದು ಸಂಜೆ ಹೊತ್ತು, ಹಾಗಾಗಿ ಮಧ್ಯಾಹ್ನ ಹೋಗಿ ಎರಡನೇ ಮಹಡಿಯ ಮ್ಯೂಸಿಯಂ ನೋಡಿಕೊಂಡು ಮೇಲೆ ಹತ್ತಿ. ಬಿಳಿ ಪಟ್ಟಿಯ ಪುಟ್ಟ ಮಕ್ಕಳು, ತಲೆ ನರೆತ ಅಜ್ಜಂದಿರು ಒಂದೇ ಛಾವಣಿಯ ಕೆಳಗೆ ಉಕೆಮಿ, ಅಂದರೆ ಪೆಟ್ಟಾಗದ ಹಾಗೆ ಬೀಳುವ ಅಭ್ಯಾಸ, ಮಾಡುತ್ತಿದ್ದರು. ಬೀಳುವುದನ್ನು ಕಲಿಯುವುದು ಬೇಜಾರು ಅಂತ ಗೊಣಗುತ್ತಿದ್ದ ನಮ್ಮ ಹುಡುಗನಿಗೆ ಆ ಅಜ್ಜಂದಿರನ್ನು ತೋರಿಸಿದೆ. ಟೋಕಿಯೊ ಒಲಿಂಪಿಕ್ಸ್‌ಗೆ ಜಪಾನ್ ತಂಡದ 66 ಕೆಜಿ ಜಾಗಕ್ಕಾಗಿ ಹಿಫುಮಿ ಅಬೆ, ಜೊಶಿರೊ ಮರುಯಾಮಾ 24 ನಿಮಿಷ ಸೆಣಸಿದ್ದೂ ಈ ಕೊಡೊಕಾನ್‌ನಲ್ಲೇ, 2020ರ ಡಿಸೆಂಬರಿನಲ್ಲಿ. ಗೆದ್ದ ಅಬೆ ಮುಂದಿನ ವರ್ಷ ಒಲಿಂಪಿಕ್ ಚಿನ್ನ ತಂದರು.

ಇನ್ನೊಂದು ದಿನ ಇದ್ದರೆ ಯೊಕೊಹಾಮಾಗೆ ಹೋಗಿ. ಅಲ್ಲಿ ಯಮಾಶಿತಾ ಪಾರ್ಕ್ ಪಕ್ಕ ಹಿಕಾವಾ ಮಾರು ಅನ್ನುವ ಹಳೇ ಹಡಗು ನಿಂತಿದೆ. ಕೈರೊದಲ್ಲಿ ಒಲಿಂಪಿಕ್ ಸಮಿತಿಯ ಸಭೆ ಮುಗಿಸಿ ವಾಪಸ್ ಬರುವಾಗ, 1938ರ ಮೇ ತಿಂಗಳಲ್ಲಿ, ಕಾನೊ ತೀರಿಕೊಂಡದ್ದು ಇದೇ ಹಡಗಿನಲ್ಲಿ. ಪ್ರವಾಸಿಗಳಲ್ಲಿ ಬಹಳ ಜನ ಸುಮ್ನೆ ಹಡಗು ಅಂತ ಫೋಟೊ ತೆಗೆದು ಹೋಗುತ್ತಾರೆ. ಜೂಡೊದವರು ಒಳಗೆ ಹೋಗಿ ನೋಡಬೇಕು. ಸೋಮವಾರ ಅದಕ್ಕೆ ರಜೆ, ಮಂಗಳವಾರಕ್ಕೆ ಇಟ್ಟುಕೊಳ್ಳಿ.

ಕೊನೆಗೆ, ಮಕ್ಕಳು ಗಿ ಕೊಡಿಸಿ ಅಂತ ಹಠ ಮಾಡೇ ಮಾಡುತ್ತಾರೆ. ಕೊಡಿಸಿ, ಅಲ್ಲಿನ ಬಟ್ಟೆ ಚೆನ್ನಾಗಿರುತ್ತದೆ. ಆದರೆ ಮುಂದೆ ಅಂತರರಾಷ್ಟ್ರೀಯ ಟೂರ್ನಿ ಆಡುವ ಮಗುವಾದರೆ ಐಜೆಎಫ್ ಮಾನ್ಯತೆಯ ಲೇಬಲ್ ಇರುವುದನ್ನೇ ಕೇಳಿ, ಬಿಳಿ ನೀಲಿ ಎರಡೂ ಬೇಕಾಗುತ್ತದೆ. ಬೆಳೆಯುವ ಮಕ್ಕಳಿಗೆ ಅಷ್ಟು ದುಬಾರಿಯದು ಬೇಡ. ಒಗೆದರೆ ಹತ್ತಿಯ ಗಿ ಕುಗ್ಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟು ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ.