"ಅಷ್ಟು ಕಷ್ಟ ಆದ್ರೆ ಕೆಲಸ ಬಿಡಬಾರದಾ?" ಅನ್ನುವವರಿಗೆ

ನಮ್ಮ ಸಾಫ್ಟ್‌ವೇರ್ ಕಂಪನಿ ಬಗ್ಗೆ ಬಾಯಿ ಬಿಟ್ಟರೆ ಸಾಕು. "ಅಷ್ಟು ಕಷ್ಟ ಆದ್ರೆ ಬಿಡಬಾರದಾ? ನಿಮಗೇನು, ಇಂಜಿನಿಯರ್ ಅಲ್ವಾ?" ಅನ್ನುತ್ತಾರೆ. ನಾನು ಹೇಳುತ್ತಿದ್ದದ್ದನ್ನು ಪೂರ್ತಿ ಕೇಳಿಸಿಕೊಂಡಿರುವುದೂ ಇಲ್ಲ. ಬಿಡದೆ ಇದ್ದೀನಿ ಅಂದ್ರೆ ತಪ್ಪು ನನ್ನದೇ ಅನ್ನುವ ತೀರ್ಪು ಬೇರೆ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಸಂಬಳ ಬೇಕು. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಇನ್ನೊಂದು, ನಾನು ಹೋದರೆ ನನ್ನ ಪಾಲಿನ ಆನ್‌ಕಾಲ್ ರಾತ್ರಿಗಳು, ಅಂದ್ರೆ ಸಿಸ್ಟಮ್ ಕೆಟ್ಟರೆ ಎದ್ದು ನೋಡಬೇಕಾದ ಸರದಿ, ಟೀಮ್‌ನಲ್ಲಿ ಉಳಿದವರ ತಲೆಗೆ ಬೀಳುತ್ತವೆ. ಅವರು ಒಳ್ಳೆಯವರು, ಕೆಲಸ ಬಲ್ಲವರು. ಕಂಪನಿ ಕೆಟ್ಟಿದೆ ಅಂದ್ರೆ ಅಲ್ಲಿರುವವರೂ ಕೆಟ್ಟವರು ಅಂತ ಅಲ್ಲ.

ಕೆಡುವುದು ಹೇಗೆ ಅಂತ ಹೇಳುತ್ತೇನೆ. ಸರ್ವರ್‌ನ ಡಿಸ್ಕ್ ತುಂಬುತ್ತಿದೆ ಅಂತ ನಡುರಾತ್ರಿ ಅಲರ್ಟ್ ಬರುತ್ತಿತ್ತು. ಎದ್ದು, ಲ್ಯಾಪ್‌ಟಾಪ್ ತೆಗೆದು, ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಹಳೇ ಲಾಗ್ ಫೈಲ್ ಅಳಿಸಿ ಮಲಗಬೇಕು. ಅವು ತಾವಾಗಿಯೇ ಅಳಿಯುವ ಹಾಗೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಆ ಕೆಲಸಕ್ಕೆ ಬರೆದಿಟ್ಟ ಟಿಕೆಟ್ ಪ್ರತಿ ಸ್ಪ್ರಿಂಟ್‌ನಲ್ಲೂ, ಅಂದ್ರೆ ಕೆಲವು ವಾರಗಳ ಪ್ರತಿ ಕೆಲಸದ ಸುತ್ತಿನಲ್ಲೂ, ಮುಂದಕ್ಕೆ ಹೋಗುತ್ತಿತ್ತು, ಯಾಕಂದ್ರೆ ಗ್ರಾಹಕರಿಗೆ ತೋರಿಸುವಂಥದ್ದು ಅದರಲ್ಲಿ ಏನೂ ಇಲ್ಲ. ಒಂದು ರಾತ್ರಿ ಡಿಸ್ಕ್ ಪೂರ್ತಿ ತುಂಬಿ ಡೇಟಾಬೇಸ್ ನಿಂತೇ ಹೋಯಿತು. ಬೆಳಗಿನವರೆಗೂ ಕೂತು ಅದನ್ನು ಸರಿಮಾಡಿದ ನನ್ನ ಸಹೋದ್ಯೋಗಿಗೆ ಮೀಟಿಂಗ್‌ನಲ್ಲಿ ಚಪ್ಪಾಳೆ. "ಚಪ್ಪಾಳೆ ಬೇಡ ಸರ್, ಒಂದು ಮಧ್ಯಾಹ್ನ ಕೊಡಿ" ಅಂದಳು ಅವಳು. "ಈ ರಿಲೀಸ್ ಮುಗೀಲಿ, ನೋಡೋಣ" ಅಂದರು ಮ್ಯಾನೇಜರ್. ರಿಲೀಸ್ ಅಂದ್ರೆ ಹೊಸ ಆವೃತ್ತಿಯನ್ನು ಗ್ರಾಹಕರಿಗೆ ಬಿಡುವುದು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇದು ಸಣ್ಣ ವಿಷಯ ಅನ್ನಿಸಿದರೆ ನೈಟ್ ಕ್ಯಾಪಿಟಲ್ ಅನ್ನುವ ಅಮೆರಿಕದ ಷೇರು ವಹಿವಾಟಿನ ಕಂಪನಿಗೆ ಏನಾಯಿತು ನೋಡಿ. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಉಳಿದ ಒಂದರಲ್ಲಿ, 2003ರಲ್ಲೇ ಬಳಕೆ ನಿಲ್ಲಿಸಿದ್ದ ಹಳೇ ಕೋಡ್ 2012ರ ಆಗಸ್ಟ್ 1ರಂದು ಮತ್ತೆ ಓಡತೊಡಗಿ, ಬೇಡದ ಆರ್ಡರ್‌ಗಳನ್ನು ಸುರಿಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಮಾರುಕಟ್ಟೆ ತೆರೆಯುವ ಮುಂಚೆಯೇ ಅವರದೇ ಸಿಸ್ಟಮ್ ಸಿಬ್ಬಂದಿಗೆ 97 ಇಮೇಲ್ ಕಳಿಸಿತ್ತು. ಅಂಥ ಇಮೇಲ್ ನೋಡುವ ರೂಢಿ ಅಲ್ಲಿರಲಿಲ್ಲ. ಒಬ್ಬರು ಹಾಕಿದ ಕೋಡನ್ನು ಇನ್ನೊಬ್ಬರು ಪರಿಶೀಲಿಸಬೇಕು ಅನ್ನುವ ಲಿಖಿತ ನಿಯಮವೂ ಇರಲಿಲ್ಲ. ಆ ಎಂಟನೇ ಸರ್ವರ್ ಮರೆತ ಒಬ್ಬರ ಮೇಲೆ ಎಲ್ಲ ಹೊರಿಸುವುದು ಸುಲಭ. ನಿಯಮ ಮಾಡಬೇಕಾಗಿದ್ದದ್ದು ಯಾರು?

ಹಾಗಾಗಿ ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: "ರಿಲೀಸ್ ಸರಿಯಿಲ್ಲ ಅಂತ ಗೊತ್ತಾದರೆ ಅದನ್ನು ನಿಲ್ಲಿಸುವ ಅಧಿಕಾರ ನಿಮ್ಮಲ್ಲಿ ಯಾರಿಗಿದೆ?" ನಮ್ಮಲ್ಲಿ ಯಾರಿಗೂ ಇಲ್ಲ. ಗ್ರಾಹಕರಿಗೆ ತಾರೀಕು ಕೊಟ್ಟಾದ ಮೇಲೆ ನಮ್ಮ ಹತ್ತಿರ ಬಂದು ಎಷ್ಟು ದಿನ ಬೇಕು ಅಂತ ಕೇಳುತ್ತಾರೆ. ನಾವು ಹೇಳಿದ ದಿನ ಆ ತಾರೀಕನ್ನು ದಾಟಿದರೆ, ಇನ್ನೊಮ್ಮೆ ಲೆಕ್ಕ ಹಾಕಿ ಅನ್ನುತ್ತಾರೆ.

ಬಿಡುವುದಿಲ್ಲ ಅಂತ ನಾನೇನೂ ಹಟ ಹಿಡಿದಿಲ್ಲ, ಬೇರೆ ಕಡೆ ನೋಡುತ್ತಲೇ ಇದ್ದೇನೆ. ಆದರೆ ಇಂಟರ್‌ವ್ಯೂನಲ್ಲಿ ಈಗ ನಾನೂ ಕೇಳುತ್ತೇನೆ: "ಹಿಂದಿನ ಸಲ ನಿಮ್ಮ ಸಿಸ್ಟಮ್ ಬಿದ್ದಾಗ, ಆಮೇಲೆ ಏನು ಬದಲಾಯಿಸಿದಿರಿ?" ಅದಕ್ಕೆ ಉತ್ತರ ಬರದ ಕಡೆಗೆ, ಸಂಬಳ ಜಾಸ್ತಿ ಕೊಟ್ಟರೂ, ನಾನು ಹೋಗುವುದಿಲ್ಲ.