ಮೂರು ಲಕ್ಷ ಓಡಿದ ಹಳೇ ಇನ್ನೋವಾ: ತಗೊಳ್ಳೋದಾ, ಬಿಡೋದಾ?

2005ರಿಂದ 2016ರವರೆಗೆ ಬಿಡದಿಯಲ್ಲಿ ತಯಾರಾದ 2.5 ಲೀಟರ್ ಡೀಸೆಲ್ ಇನ್ನೋವಾ ಹುಡುಕುತ್ತಿದ್ದರೆ ಮೀಟರಿನ ಅಂಕಿ ನೋಡಿ ಹೆದರಬೇಡಿ. ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಈ ಎಂಜಿನ್‌ಗೆ ಮೂರು ಲಕ್ಷ ಕಿಲೋಮೀಟರ್ ದೊಡ್ಡ ಮಾತಲ್ಲ. ಹೆದರಬೇಕಾದದ್ದು 98,000 ತೋರಿಸುವ 2010ರ ಗಾಡಿಗೆ. ಮೀಟರ್ ತಿರುಗಿಸುವುದು ಅರ್ಧ ಗಂಟೆಯ ಕೆಲಸ. ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ನುಣ್ಣಗಾಗಿದ್ದು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಒಂದು ಲಕ್ಷದ ಕಥೆ ನಂಬಬೇಡಿ. ಬಿಲ್ಲುಗಳಿರುವ ಮೂರು ಲಕ್ಷದ ಗಾಡಿ, ಬಿಲ್ಲಿಲ್ಲದ ಒಂದೂವರೆ ಲಕ್ಷದ ಗಾಡಿಗಿಂತ ಎಷ್ಟೋ ಮೇಲು.

ಗಾಡಿ ನೋಡಲು ಹೋಗುವ ಮುಂಚೆ ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ: ಎಷ್ಟನೇ ಮಾಲೀಕ, ಸಾಲ ತೀರಿದೆಯಾ, ನೋಂದಣಿ ಯಾವತ್ತಿನವರೆಗೆ. ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕವೇ ₹5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. 14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕರೆ ಈ ತಲೆನೋವನ್ನು ನಿಮಗೆ ದಾಟಿಸುತ್ತಿದ್ದಾರೆ ಅಂತಲೇ ಲೆಕ್ಕ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರು ಓಡಿಸುವಂತಿಲ್ಲ ಎಂಬ ಆದೇಶ 2015ರಲ್ಲಿ ಬಂದ ಮೇಲೆ ಅಲ್ಲಿನ ಇನ್ನೋವಾಗಳು ದಕ್ಷಿಣಕ್ಕೆ ಬಂದಿವೆ. ಬೆಲೆ ಆಸೆ ಹುಟ್ಟಿಸುತ್ತದೆ ನಿಜ, ಆದರೆ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಇಲ್ಲಿನ ಜೀವಾವಧಿ ತೆರಿಗೆ, ಏಜೆಂಟ್ ಖರ್ಚು ಸೇರಿಸಿ ನೋಡಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿ ಅಂತ ಮಾತ್ರಕ್ಕೆ ತಳ್ಳಿಹಾಕಬೇಕಿಲ್ಲ. ಹೆದ್ದಾರಿಯಲ್ಲೇ ಓಡಿದ ಟ್ಯಾಕ್ಸಿಯ ಎಂಜಿನ್, ಊರೊಳಗೆ ದಿನಾ ಎರಡು ಕಿಲೋಮೀಟರ್ ಸ್ಕೂಲಿಗೆ ಹೋಗಿ ಬಂದ ಗಾಡಿಯದಕ್ಕಿಂತ ಚೆನ್ನಾಗಿರುವುದುಂಟು.

ಮಾರುವವರಿಗೆ ಮೊದಲೇ ಹೇಳಿ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬನ್ನಿ, ಯಾಕೆಂದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನ ರೋಗ ಕಾಣುವುದು ತಣ್ಣಗಿನ ಎಂಜಿನ್‌ನಲ್ಲೇ. ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು, ಬಿಳಿ ಹೊಗೆ ಬಿಟ್ಟು, ಕಟಕಟ ಸದ್ದು ಮಾಡುತ್ತಾ ಐಡಲ್ ಏರಿಳಿದರೆ ಇಂಜೆಕ್ಟರ್ ಮೇಲೆ ಅನುಮಾನ. ಹೊಸದು ಒಂದಕ್ಕೇ ಸುಮಾರು ₹20,000, ಇರುವುದು ನಾಲ್ಕು. ಇಂಜೆಕ್ಟರ್ ತಳದ ತಾಮ್ರದ ವಾಷರ್ ಸೋರುವುದು ಇನ್ನೂ ಕೆಟ್ಟದ್ದು. ಉರಿದ ಗ್ಯಾಸ್ ಆಯಿಲ್‌ಗೆ ಸೇರಿ ಮಸಿ ಗಟ್ಟಿಯಾಗುತ್ತದೆ. ಅದು ಸಂಪಿನ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಜಾಲರಿಯನ್ನು ಮುಚ್ಚಿದರೆ ಆಯಿಲ್ ಪ್ರೆಶರ್ ಬಿದ್ದು ಬೇರಿಂಗ್, ಟರ್ಬೊ ಎರಡೂ ಹೋಗುತ್ತವೆ. ಆಯಿಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ಡೀಸೆಲ್ ಎಂಜಿನ್‌ನ ಆಯಿಲ್ ಕಪ್ಪಾಗಿರುವುದು ಸಹಜ, ಆದರೆ ಡಾಂಬರಿನಂಥ ಗಟ್ಟಿ ಪದರ ಕಂಡರೆ ಮಾತು ಅಲ್ಲಿಗೇ ಮುಗಿಸಿ. ಎಂಜಿನ್ ಓಡುತ್ತಿರುವಾಗ ಅದೇ ಮುಚ್ಚಳವನ್ನು ಬಾಯಿಯ ಮೇಲೆ ಬೋರಲು ಇಡಿ. ಸಣ್ಣಗೆ ಅಲುಗಾಡಿದರೆ ಪರವಾಗಿಲ್ಲ. ಹೊಗೆಯ ಜೊತೆ ಹಾರಿ ಬಿದ್ದರೆ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೆದಿವೆ. ರೇಸ್ ಕೊಟ್ಟಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ.

ಪಿಸ್ಟನ್, ವಾಲ್ವ್‌ಗಳ ಓಟವನ್ನು ಹೊಂದಿಸಲು ಈ ಎಂಜಿನ್‌ನಲ್ಲಿರುವುದು ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಒಂದರಿಂದ ಒಂದೂವರೆ ಲಕ್ಷದೊಳಗೆ ಬದಲಾಗಲೇಬೇಕು. ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಹೆಡ್ ಬಿಚ್ಚಬೇಕಾಗುತ್ತದೆ. ಮೀಟರಿನಲ್ಲಿ ಇದಕ್ಕೇ ಒಂದು ಎಚ್ಚರಿಕೆ ದೀಪವಿದೆ. ಬೆಲ್ಟ್ ಮುಟ್ಟದೆ ದೀಪ ಮಾತ್ರ ರೀಸೆಟ್ ಮಾಡಲು ಬರುವುದರಿಂದ ದೀಪ ಆರಿದೆ ಅನ್ನುವುದು ಸಾಕ್ಷಿಯೇ ಅಲ್ಲ. ಬೆಲ್ಟ್, ಟೆನ್ಷನರ್, ಐಡ್ಲರ್ ಹಾಕಿದ ಬಿಲ್ಲಿಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿದು ಬೆಲೆ ಮಾತಾಡಿ.

ಕೂಲಂಟ್ ಟ್ಯಾಂಕಿನಲ್ಲಿ ತುಕ್ಕು ಬಣ್ಣದ ನೀರಿದ್ದರೆ ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ್ದಾರೆ. ರೇಡಿಯೇಟರ್ ಒಳಗೆ ಕಟ್ಟಿರುತ್ತದೆ. ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಲೇಬೇಕು.

ಓಡಿಸಿ ನೋಡುವಾಗ ಮೊದಲು ಗಾಡಿ ನಿಂತಿರುವಂತೆಯೇ ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಗೇರ್ ಹಾಕಿ ಹೊರಡುವಾಗ ಹಿಂದಿನಿಂದ ಠಕ್ ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು) ಸವೆದಿರಬಹುದು. ಹಂಪ್ ಮೇಲೆ ಮುಂದಿನಿಂದ ಬರುವ ಸದ್ದು ಹೆಚ್ಚಾಗಿ ಬಾಲ್ ಜಾಯಿಂಟ್, ಬುಷ್, ಲಿಂಕ್ ರಾಡ್‌ಗಳದ್ದು, ಖರ್ಚಿದೆ, ಭಯವಿಲ್ಲ. ಹಿಂದಿನ ಎಸಿಯನ್ನೂ ಹದಿನೈದು ನಿಮಿಷ ಓಡಿಸಿ. ಹಿಂದಿನ ಕಾಯಿಲ್ ಸೋರುತ್ತಿರುವುದನ್ನು ಮುಂದಿನ ತಂಪು ಮುಚ್ಚಿಡುತ್ತದೆ.

ಕರಾವಳಿಯಲ್ಲಿದ್ದ ಗಾಡಿಯಾದರೆ ಲಿಫ್ಟ್ ಮೇಲೆ ಹತ್ತಿಸಿ ಚಾಸಿಸ್ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ. ಸದ್ದು ಮಂದವಾದಲ್ಲಿ ತುಕ್ಕು ಒಳಗಿಳಿದಿದೆ. ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಜಾಸ್ತಿ ತಟ್ಟಿ. ಬೆಂಗಳೂರಿನ ಗಾಡಿಯಾದರೆ 2022ರ ಸೆಪ್ಟೆಂಬರ್ ಪ್ರವಾಹ ನೆನಪಿರಲಿ: ಸೀಟ್ ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ಇದೆಯಾ, ಸೀಟಿನ ಕೆಳಗಿನ ರೈಲು ತುಕ್ಕು ಹಿಡಿದಿದೆಯಾ ನೋಡಿ.

ಈಗ ಲೆಕ್ಕ. ಹೊರಗಿನ ಒಳ್ಳೆ ಗ್ಯಾರೇಜಿನಲ್ಲಿ ಅಂದಾಜು: ಟೈಮಿಂಗ್ ಬೆಲ್ಟ್ ಜೊತೆ ವಾಟರ್ ಪಂಪ್ 15,000, 205/65 ಆರ್15 ಟೈರ್ ನಾಲ್ಕಕ್ಕೆ 26,000, ಕ್ಲಚ್ 16,000, ಸಸ್ಪೆನ್ಷನ್ 22,000, ಎಲ್ಲಾ ಆಯಿಲ್, ಫಿಲ್ಟರ್, ಕೂಲಂಟ್ ಸೇರಿ 11,000. ಒಟ್ಟು ₹90,000. ಇವುಗಳಲ್ಲಿ ಬಿಲ್ಲಿರುವುದನ್ನು ಕಳೆಯಿರಿ, ಉಳಿದದ್ದನ್ನು ಅವರು ಕೇಳುವ ಬೆಲೆಗೆ ಕೂಡಿಸಿ. ಆ ಮೊತ್ತಕ್ಕೆ ಇದಕ್ಕಿಂತ ಎರಡು ವರ್ಷ ಹೊಸದಾದ ಗಾಡಿ ಸಿಗುವಂತಿದ್ದರೆ ಇದನ್ನು ಬಿಡಿ. ಇಂಜೆಕ್ಟರ್ ಅನುಮಾನವಿದ್ದರೆ ಇನ್ನೊಂದು 80,000 ಪಕ್ಕಕ್ಕಿಡುವಷ್ಟು ಕೈಯಲ್ಲಿರಬೇಕು. ಚಾಸಿಸ್ ವೆಲ್ಡಿಂಗ್, ಆರ್‌ಸಿಗೆ ಹೊಂದದ ಚಾಸಿಸ್ ಅಥವಾ ಎಂಜಿನ್ ನಂಬರ್, ನೀರಲ್ಲಿ ಮುಳುಗಿದ ಗುರುತು: ಇವಕ್ಕೆ ಚೌಕಾಸಿಯೇ ಬೇಡ, ಎದ್ದು ಬನ್ನಿ.

ದುಡ್ಡು ಪೂರ್ತಿ ಕೊಡುವುದು ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಹಿಯಾದ ಮೇಲೆ. ಸಾಲವಿದ್ದ ಗಾಡಿಗೆ ಬ್ಯಾಂಕಿನ ಎನ್‌ಒಸಿ ಜೊತೆ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಹಳೇ ಟ್ರಾಫಿಕ್ ದಂಡ ಅವರಿಂದಲೇ ಕಟ್ಟಿಸಿ, ಗಾಡಿ ಕೈಗೆ ಬಂದ ದಿನಾಂಕ ಮತ್ತು ಗಂಟೆ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣವನ್ನೂ ಬಜೆಟ್‌ನಲ್ಲಿ ಇಟ್ಟುಕೊಳ್ಳಿ.